ಗಂಜಿ ಹಚ್ಚುವ ಬಯಲಿನ ಮೀಟಿಂಗು

ಮೊನ್ನೆ ಅಣ್ಣನ ಮಗಳ ಮದುವೆಗೆಂದು ಹಿಂದೂಪುರಕ್ಕೆ ಹೊರಡುವ ಆತುರದಲ್ಲಿ ಪೆಟ್ಟಿಗೆಯ ತಳದಲ್ಲಿದ್ದ ಕರೀ ಕೋಟನ್ನು ತೆಗೆದು ಕೊಡವಿದೆ. ಜೇಬಿನಿಂದ ಒಂದು ಹುಣಸೆ ಬೀಜ ಉದುರಿ, ನೆಲದ ಮೇಲೆ ಟಣ್ಣೆಂದು ಪುಟಿದು ಒಲೆಯ ಕಡೆಗೆ ಓಡಿತು. ನನ್ನ ಹೆಂಡತಿ ಅದನ್ನು ಬಗ್ಗಿ ಎತ್ತಿಕೊಂಡು, ಬೇರೆಯವರ ಗಂಡಂದಿರ ಕೋಟಿನಲ್ಲಿ ಅತ್ತರು ಸವರಿದ ಹತ್ತಿ ಸಿಗುತ್ತದಂತೆ, ನನ್ನ ಗಂಡನ ಕೋಟಿನಲ್ಲಿ ಹುಣಸೆ ಮಂಡಿಯೇ ಸಿಗುತ್ತದೆ ಎಂದಳು. ಅವಳು ಹೇಳಿದ್ದು ತಪ್ಪೇನಲ್ಲ. ನಾನು ಮಾತ್ರ ಕೋಟನ್ನು ಮೊಣಕಾಲ ಮೇಲೆ ಹಾಕಿಕೊಂಡು ಹಾಗೇ ಕೂತುಬಿಟ್ಟೆ. ಬಸ್ಸು ಹೋಯಿತು. ಹೋದರೆ ಹೋಗಲಿ, ಮದುವೆ ನನ್ನದೇನೂ ಅಲ್ಲವಲ್ಲ.

ಹುಣಸೆ ಬೀಜವನ್ನು ಹಗುರವಾಗಿ ಕಾಣುವವರು ಹಿಂದೂಪುರದಲ್ಲಿ ಹುಟ್ಟಿದವರಾಗಿರಲಾರರು. ಕಾಲ ಬಂತೆಂದರೆ ನಮ್ಮ ಬೀದಿಯ ಪ್ರತಿ ಜಗುಲಿಯ ಮೇಲೂ ಹೆಂಗಸರು ಸಾಲಾಗಿ ಕೂತು, ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಗಾಳಿಯೇ ಹುಳಿಯಾಗಿ, ಸುಮ್ಮನೆ ನಡೆದುಹೋದವರ ಬಾಯಲ್ಲೂ ನೀರೂರುತ್ತಿತ್ತು. ಪರಿಗಿಯಿಂದ ಗಾಡಿ ಎಳೆದುಕೊಂಡು ಬಂದ ಎತ್ತುಗಳು ಕೂಡ ನಮ್ಮ ಬೀದಿಗೆ ಬಂದೊಡನೆ ಮೂತಿ ಸೊಟ್ಟ ಮಾಡಿಕೊಳ್ಳುತ್ತವೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಾನು ಗಮನವಿಟ್ಟು ನೋಡಿದ್ದೇನೆ, ಎತ್ತಿನ ಮೂತಿ ಯಾವ ಬೀದಿಯಲ್ಲೂ ಹಾಗೇ ಇರುತ್ತದೆ. ಬೀಜವನ್ನು ಕಲ್ಲಿಗೆ ಉಜ್ಜಿ ಹೋಳು ಮಾಡಿ ಚೌಕಾಬಾರ ಆಡುತ್ತಿದ್ದೆವು. ಕಲ್ಲಿಗೆ ತಿಕ್ಕಿ ತಿಕ್ಕಿ ಬಿಸಿ ಮಾಡಿ, ಮುಂದೆ ಕೂತವನ ಕತ್ತಿಗೆ ಮೆಲ್ಲಗೆ ಮುಟ್ಟಿಸುತ್ತಿದ್ದೆವು. ಎಲ್ಲಕ್ಕಿಂತ ಮೇಲಾದದ್ದು ಹುರಿದ ಬೀಜ. ಅದನ್ನು ದವಡೆಯಲ್ಲಿಟ್ಟುಕೊಂಡರೆ ಬೆಳಗಿನ ಪಾಠವೆಲ್ಲ ಚೀಪುವುದರಲ್ಲೇ ಮುಗಿಯುತ್ತಿತ್ತು.

ನನ್ನ ವಿದ್ಯೆಗೆ ಅಡ್ಡ ಬಂದದ್ದೂ ಅದೇ. ನಾಲ್ಕನೆಯ ಕ್ಲಾಸಿನಲ್ಲಿ ಒಂದು ದಿನ ಮೇಷ್ಟ್ರು ನನ್ನನ್ನು ಎಬ್ಬಿಸಿ ಮಗ್ಗಿ ಹೇಳು ಎಂದರು. ಮಗ್ಗಿ ಬರುತ್ತಿತ್ತು. ಆದರೆ ಬಾಯಲ್ಲಿ ಬೀಜವಿತ್ತು. ಉಗುಳಿದರೆ ಬೆತ್ತದ ಏಟು, ನುಂಗಿದರೆ ಹೊಟ್ಟೆಯಲ್ಲಿ ಮರ ಹುಟ್ಟುತ್ತದೆಂಬ ಭಯ. ಬಾಯಿ ಬಿಗಿದುಕೊಂಡು ನಿಂತೆ. ಮೇಷ್ಟ್ರು ಕಾದರು, ಕ್ಲಾಸು ಕಾಯಿತು, ಆಮೇಲೆ ಕ್ಲಾಸು ನಕ್ಕಿತು. ಅದೇ ವರ್ಷ ಅಪ್ಪ ಮಂಡಿಯಲ್ಲಿ ಮೂಟೆ ಎತ್ತುವಾಗ ಸೊಂಟ ಹಿಡಿದು ಮಲಗಿದ್ದರಿಂದ ನಾನು ಶಾಲೆ ಬಿಟ್ಟೆ. ಶಾಲೆ ನನ್ನನ್ನು ಬಿಡಲಿಲ್ಲ, ನಾನೇ ಶಾಲೆಯನ್ನು ಬಿಟ್ಟದ್ದು. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು.

ಅಪ್ಪನ ಬದಲಿಗೆ ಸೇರಿದ ಮಂಡಿಯ ಕೆಲಸದಲ್ಲಿ ನಾನು ಯಾರಿಗೂ ಸೋತವನಲ್ಲ. ಮೀಸೆ ಮೂಡುವ ಹೊತ್ತಿಗೆ ಒಂದು ಹಿಡಿ ಬೀಜ ಅಂಗೈಯಲ್ಲಿ ಹಾಕಿಕೊಂಡು ಇದು ಪೆನುಕೊಂಡದ್ದು, ಇದು ಚಿಲಮತ್ತೂರಿನದ್ದು ಎಂದು ಹೇಳುತ್ತಿದ್ದೆ. ಹೇಳಿದ್ದು ನಿಜವೋ ಸುಳ್ಳೋ ಪರೀಕ್ಷೆ ಮಾಡಲು ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ನನ್ನ ಹೆಸರು ಬೆಳೆಯಿತು. ಒಬ್ಬೊಬ್ಬರ ಎದುರು ಗಂಟೆಗಟ್ಟಲೆ ಮಾತಾಡಬಲ್ಲೆ. ಆದರೆ ನಾಲ್ಕು ಜನ ಒಟ್ಟಿಗೆ ಕೂತು ನನ್ನ ಕಡೆಗೆ ಮುಖ ತಿರುಗಿಸಿದರೆ ಸಾಕು, ದವಡೆಯಲ್ಲಿ ಆ ಹಳೇ ಬೀಜ ಬಂದು ಕೂತಂತಾಗಿ ಮಾತು ನಿಲ್ಲುತ್ತಿತ್ತು.

ಹಿಂದೂಪುರದ ಹಣ್ಣು ಎಲ್ಲಾ ಊರಿಗೂ ಹೋಗಿ ಸಾರಾಗುತ್ತದೆ. ಬೀಜ ಮಾತ್ರ ಕಲ್ಯಾಣದುರ್ಗಕ್ಕೆ ಹೋಗುತ್ತದೆ. ಅಲ್ಲಿ ಕಂಬಳಿ ನೇಯುವವರ ಕೇರಿಗಳಿವೆ. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು ಕಾಸಿದರೆ ಅಂಟಾದ ಗಂಜಿಯಾಗುತ್ತದೆ. ಉಣ್ಣೆಯ ನೂಲನ್ನು ಬಯಲಲ್ಲಿ ಗೂಟದಿಂದ ಗೂಟಕ್ಕೆ ಉದ್ದುದ್ದ ಎಳೆಗಳ ಹಾಸಾಗಿ ಎಳೆದು ಕಟ್ಟಿ, ಅದಕ್ಕೆ ಈ ಗಂಜಿ ಹಚ್ಚಿ ಒಣಗಿಸಬೇಕು. ಆಗಲೇ ನೂಲಿಗೆ ಮಗ್ಗದಲ್ಲಿ ನಿಲ್ಲುವ ಶಕ್ತಿ ಬರುವುದು, ಕಂಬಳಿಗೆ ಮಳೆ ತಡೆಯುವ ಬಿಗಿ ಬರುವುದು. ನಾನು ಬೀಜದ ಮೂಟೆಗಳ ಜೊತೆಗೆ ಆ ಊರಿಗೆ ಹೋಗಿ ಬರುತ್ತಿದ್ದೆ. ಯುದ್ಧದ ಕಾಲದಲ್ಲಿ ಕಂಬಳಿಗೆ ಬೇಡಿಕೆ ಬಂದು ಅಲ್ಲೊಂದು ನೇಕಾರರ ಸಂಘ ಶುರುವಾಯಿತು. ಉಗ್ರಾಣ ನೋಡಿಕೊಂಡು, ಜನರನ್ನು ಒಟ್ಟುಗೂಡಿಸಿಕೊಂಡು ಹೋಗಲು ಒಬ್ಬ ಮೇಸ್ತ್ರಿ ಬೇಕಾಗಿತ್ತು. ನನ್ನನ್ನು ಯಾಕೆ ಆರಿಸಿದರೋ ಗೊತ್ತಿಲ್ಲ. ಅಲ್ಲಿಗೆ ಬರುವವರಲ್ಲಿ ಕೋಟು ಇದ್ದವನು ನಾನೊಬ್ಬನೇ ಎಂದಿರಬೇಕು.

ಮಂಡಿ ಬಿಡುತ್ತೇನೆಂದಾಗ ಅಣ್ಣ ನಕ್ಕುಬಿಟ್ಟ. ನಾಲ್ಕು ಜನರೆದುರು ಹೆಸರು ಹೇಳಲು ಬೆವರುವವನು ಹೋಗಿ ಮೀಟಿಂಗ್ ಮಾಡುತ್ತೀಯಾ, ಸಂಕ್ರಾಂತಿಯ ಹೊತ್ತಿಗೆ ಬಂದು ಮತ್ತೆ ಮೂಟೆಗೆ ಹೆಗಲು ಕೊಡುತ್ತೀಯ ಬಿಡು ಎಂದ. ನನಗೆ ಸಿಟ್ಟು ಬಂತು. ಇನ್ನು ನಾನು ಈ ಊರಿಗೆ ಬರುವುದು ಹಬ್ಬಕ್ಕೆ, ಮದುವೆಗೆ ಮಾತ್ರ. ಮೂಟೆ ಹೊರಲು ಬಂದರೆ ನನ್ನ ಹೆಸರು ರುದ್ರಣ್ಣನಲ್ಲ ಎಂದು ಇಡೀ ಮಂಡಿಗೆ ಕೇಳುವಂತೆ ಹೇಳಿ ಹೊರಟೆ. ಹೀಗೆ ಹೇಳಿ ಹೊರಟವನಿಗೆ ವಾಪಸ್ಸು ಬರುವ ದಾರಿ ಎಷ್ಟು ದೂರವಾಗುತ್ತದೆಂಬುದು ಬಸ್ಸು ಪೆನುಕೊಂಡದ ಕೋಟೆ ದಾಟುವ ಹೊತ್ತಿಗೆ ಅರ್ಥವಾಯಿತು.

ಸಂಘಕ್ಕೆ ಒಬ್ಬ ಇನ್ಸ್‌ಪೆಕ್ಟರಿದ್ದರು. ಅನಂತಪುರದಿಂದ ಬರುತ್ತಿದ್ದರು, ಆಡುವುದೆಲ್ಲ ತೆಲುಗು. ಪ್ರತಿ ಸೋಮವಾರ ಮೀಟಿಂಗ್ ಮಾಡಿ, ಎಲ್ಲರ ಅಭಿಪ್ರಾಯ ಕೇಳಿ ಎಂದು ಅಪ್ಪಣೆ ಕೊಟ್ಟು ಹೋದರು. ಸೋಮವಾರ ಅಲ್ಲಿ ಮಗ್ಗಕ್ಕೆ ಬಿಡುವು. ಮೀಟಿಂಗ್ ಎಂದರೆ ಹಿಂದೂಪುರದ ಬಜಾರಿನಲ್ಲಿ ಯಾರೋ ಮೇಜಿನ ಮೇಲೆ ನಿಂತು ಕೂಗಿದ್ದನ್ನು ದೂರದಿಂದ ಕಂಡದ್ದಷ್ಟೇ ನನ್ನ ಅನುಭವ. ಜನರಿಗೆ ಮರ್ಯಾದೆ ಕಾಣಿಸಬೇಕು ಎಂದುಕೊಂಡೆ. ಸಂಘದಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಕರೀ ಕಂಬಳಿಯನ್ನು ತೆಗೆದು ಷೆಡ್ಡಿನ ಮಧ್ಯೆ ನೀಟಾಗಿ ಹಾಸಿದೆ. ಕೋಟಿನ ಗುಂಡಿ ಹಾಕಿಕೊಂಡೆ.

ನೇಕಾರರು ಬಂದರು. ಬಾಗಿಲಲ್ಲಿ ಕಂಬಳಿಯನ್ನು ನೋಡಿ ತಟಕ್ಕನೆ ನಿಂತರು. ಚಪ್ಪಲಿ ಬಿಟ್ಟು, ಪೇಟ ಸರಿ ಮಾಡಿಕೊಂಡು, ಗುಡಿಯಲ್ಲಿ ಕೂರುವಂತೆ ಕೂತರು. ನನಗೆ ಬಹಳ ಸಂತೋಷವಾಯಿತು. ಹಾಸಿದ್ದಕ್ಕೆ ತಕ್ಕ ಗೌರವ ಬಂತಲ್ಲ ಎಂದುಕೊಂಡು, ಬಾಯಿಪಾಠ ಮಾಡಿಕೊಂಡಿದ್ದ ನಾಲ್ಕು ಮಾತನ್ನು ಒಂದೇ ಉಸಿರಿಗೆ ಹೇಳಿದೆ. ನಾನು ಕೇಳಬೇಕಾಗಿದ್ದದ್ದು ಇಷ್ಟೇ. ಅಲ್ಲಿ ಪ್ರತಿ ಮನೆಯವರೂ ತಮ್ಮ ತಮ್ಮ ಗಂಜಿಯನ್ನು ತಾವೇ ಕಾಸುತ್ತಿದ್ದರು. ಅದೊಂದು ಮನೆತನದ ಗುಟ್ಟು. ಒಬ್ಬರ ಮನೆಯಲ್ಲಿ ಸೊಸೆ ತವರಿಂದ ತಂದ ಹದ, ಇನ್ನೊಬ್ಬರ ಮನೆಯಲ್ಲಿ ಅಜ್ಜನ ಕಾಲದ ಹದ. ಹೀಗಾಗಿ ಕಂಬಳಿಗಳು ಒಂದರಂತೆ ಒಂದಿರುತ್ತಿರಲಿಲ್ಲ. ಎಲ್ಲರೂ ಸೇರಿ ಒಂದೇ ಕೊಪ್ಪರಿಗೆಯಲ್ಲಿ ಗಂಜಿ ಕಾಸೋಣವೇ, ಯಾವ ಹದದಲ್ಲಿ ಕಾಸೋಣ, ನಿಮ್ಮ ಅಭಿಪ್ರಾಯ ಹೇಳಿ ಎಂದೆ.

ಯಾರೂ ಹೇಳಲಿಲ್ಲ. ಗಡ್ಡದ ಬೀರಪ್ಪ ಸೂರು ನೋಡಿದ. ಅವನು ಕೇರಿಗೆ ಹಿರಿಯ, ಮಗ್ಗದ ಮುಂದೆ ಕೂತರೆ ಅವನ ಬಾಯಿಗೆ ಹೆದರಿ ನಾಯಿಗಳೂ ಆ ಕಡೆ ಹಾಯುತ್ತಿರಲಿಲ್ಲ. ಉದ್ದಕ್ಕೆ ಸಣಕಲಾಗಿದ್ದ ಮಾಳಪ್ಪ ನೆಲ ನೋಡಿದ. ಅವನು ಎಲ್ಲಿದ್ದರೂ ನೆಲವನ್ನೇ ನೋಡುವವನು. ಕೊನೆಗೆ ಎಲ್ಲರೂ ಸೇರಿ, ಆಗ್ಲೇಳಿ ಮೇಸ್ತ್ರಿ, ಎಂದರು. ಎದ್ದು ಹೋದರು. ಮಾರನೆಯ ದಿನ ಪ್ರತಿ ಮನೆಯ ಒಲೆಯ ಮೇಲೂ ಅವರವರ ಗಂಜಿ ಕುದಿಯುತ್ತಿತ್ತು.

ಹೀಗೇ ಸೋಮವಾರದ ಮೇಲೆ ಸೋಮವಾರ ಹೋಯಿತು. ಷೆಡ್ಡಿನಿಂದ ಆಚೆ ಹೋದೊಡನೆ ಅವರಿಗೆ ಬಾಯಿ ಬರುತ್ತಿತ್ತು, ನಾನು ಹತ್ತಿರ ಹೋದರೆ ನಿಲ್ಲುತ್ತಿತ್ತು. ನಾನು ಬೇರೆ ಊರಿನವನು, ಬೇರೆ ಜಾತಿಯವನು, ಬೀಜ ಮಾರಲು ಬಂದವನು, ಅದಕ್ಕೇ ನಂಬುತ್ತಿಲ್ಲ ಎಂದು ತೀರ್ಮಾನಿಸಿದೆ. ಹೆಮ್ಮೆಯವನಿಗೆ ಈ ತೀರ್ಮಾನ ಬಹಳ ಹಿತವಾಗಿರುತ್ತದೆ. ತಪ್ಪೆಲ್ಲ ಆ ಕಡೆಗೆ ಹೋಗಿಬಿಡುತ್ತದೆ ನೋಡಿ.

ಅಷ್ಟರಲ್ಲಿ ಇನ್ಸ್‌ಪೆಕ್ಟರು ಬಂದು, ಅನಂತಪುರಕ್ಕೆ ಕಳಿಸಿದ್ದ ಕಂಬಳಿಗಳಲ್ಲಿ ವಾಪಸ್ಸು ಬಂದವನ್ನು ಷೆಡ್ಡಿನ ಮುಂದೆ ಸಾಲಾಗಿ ಹಾಸಿಸಿದರು. ಒಂದು ಪಂಚೆಯಂತೆ ಜೋತಾಡುತ್ತಿತ್ತು. ಬೀರಪ್ಪನ ಮನೆಯದು ಗೋಡೆಗೆ ಒರಗಿಸಿದರೆ ಬಾಗಿಲ ಹಲಗೆಯ ಹಾಗೆ ನಿಂತುಕೊಂಡಿತು. ಇವೆಲ್ಲ ಒಂದೇ ಸಂಘದವೋ ಅಥವಾ ಸಂತೆಯಲ್ಲಿ ಆಯ್ದು ತಂದವೋ ಎಂದು ಇನ್ಸ್‌ಪೆಕ್ಟರು ಕೇಳಿದರು. ಮುಂದಿನ ಸಲವೂ ಹೀಗೇ ಬಂದರೆ ಷೆಡ್ಡಿಗೆ ಬೀಗ ಹಾಕುವುದೇ ಸರಿ ಎಂದರು. ಗಟ್ಟಿಯಾಗಿ ಹೇಳಲಿಲ್ಲ, ಅದೇ ಹೆಚ್ಚು ಭಯವಾಯಿತು. ಸಂಘ ಮುಚ್ಚಿದರೆ ನೇಕಾರರು ಮತ್ತೆ ಸಾಹುಕಾರನ ಉಣ್ಣೆಗೆ ಕೈಯೊಡ್ಡಬೇಕು. ನಾನು ಹಿಂದೂಪುರದ ಬಸ್ಸು ಹತ್ತಬೇಕು, ಮಂಡಿಯ ಬಾಗಿಲಲ್ಲಿ ಅಣ್ಣ ನಿಂತಿರುತ್ತಾನೆ.

ಆ ಸೋಮವಾರ ಹೊಸ ಉಪಾಯ ಮಾಡಿದೆ. ಕಂಬಳಿಯ ಮಧ್ಯೆ ಒಂದು ದೊಡ್ಡ ತಟ್ಟೆ ತುಂಬ ಎಲೆ ಅಡಿಕೆ ಇಟ್ಟೆ. ಬಾಯಿ ಕೆಂಪಾದರೆ ಮಾತು ತಾನಾಗಿ ಬರುತ್ತದೆಂದು ನನ್ನ ಲೆಕ್ಕ. ಮೊದಲು ತಗೊಳ್ಳಿ, ಆಮೇಲೆ ಮಾತಾಡೋಣ ಎಂದು ತಟ್ಟೆಯನ್ನು ಬೀರಪ್ಪನ ಕಡೆ ಸರಿಸಿದೆ. ಅವನು ತಟ್ಟೆಯನ್ನು ನೋಡಿದ, ನನ್ನನ್ನು ನೋಡಿದ. ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಎದ್ದು ಹೊರಟುಹೋದ. ಅವನ ಹಿಂದೆ ಒಬ್ಬೊಬ್ಬರೇ ಎದ್ದರು. ಮಾಳಪ್ಪ ಕೊನೆಯವನು, ಅವನು ಕೈ ಮುಗಿದು ಹೋದ. ಅದಂತೂ ಇನ್ನೂ ಹೆಚ್ಚು ಚುಚ್ಚಿತು.

ನಾನು ಒಬ್ಬನೇ ಕಂಬಳಿಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚಿಕೊಂಡು ನಾನೇ ಮೆಲ್ಲತೊಡಗಿದೆ. ಮೂಲೆಯಲ್ಲಿ ಗಿರಿಯಕ್ಕ ಇದ್ದಳು. ಉಣ್ಣೆ ನೂಲುವ ಮುದುಕಿ. ಕದಿರು ತಿರುಗಿಸುತ್ತ ಎಲ್ಲವನ್ನೂ ನೋಡುತ್ತಿದ್ದಳು.

“ಯಾರ್ ಮ್ಯಾಲೆ ನ್ಯಾಯ ಹಾಕಿದೀಯಪ್ಪಾ?” ಎಂದಳು.

ನ್ಯಾಯ ಎಲ್ಲಿ ಬಂತಕ್ಕಾ, ಇದು ಮೀಟಿಂಗು ಎಂದೆ.

“ಮೀಟಿಂಗೋ ಗೀಟಿಂಗೋ. ಕಂಬ್ಳಿ ಹಾಸಿದ ಮ್ಯಾಲೆ ಅದು ನ್ಯಾಯಾನೇ ಕಣಪ್ಪ. ಅದ್ರ ಮ್ಯಾಲೆ ಆಡಿದ ಮಾತು ಮೊಮ್ಮಕ್ಕಳ ಕಾಲಕ್ಕೂ ನಿಲ್ತೈತೆ. ಮಾಳನ ಮನೆ ಗಂಜಿ ನೀರು ಅಂತ ಬೀರಪ್ಪ ಅಲ್ಲಿ ಕುಂತು ಅಂದ್ಬುಟ್ರೆ, ನಾಳೆ ಮಾಳನ ಮಗಳ್ನ ಯಾರು ತಕ್ಕೊಂಡಾರು? ಅದ್ರ ಮ್ಯಾಲೆ ಎಲೆ ಅಡಿಕೆ ಬೇರೆ ಮಡಗ್ದೆ. ಮುಟ್ಟಿದ್ರೆ ಒಪ್ಪಿದಂಗೆ. ಏನು ಒಪ್ಪಬೇಕು ಅಂತ ಹೇಳ್ದೇನೇ ಒಪ್ಪು ಅಂದ್ರೆ ಎದ್ದೋಗ್ದೆ ಏನ್ ಮಾಡ್ತಾನೆ?”

ನನ್ನ ಬಾಯಲ್ಲಿದ್ದ ಎಲೆ ಹಾಗೇ ನಿಂತಿತು. ನಾನು ಮರ್ಯಾದೆ ಎಂದುಕೊಂಡು ಹಾಸುತ್ತಿದ್ದದ್ದು ಅವರಿಗೆ ಕಟಕಟೆ. ವಾರವಾರ ಅವರನ್ನು ಕರೆದು, ಆಣೆಯಿಡುವ ಜಾಗದಲ್ಲಿ ಕೂರಿಸಿ, ಹೇಳಿ, ನಿಮ್ಮಲ್ಲಿ ಯಾರ ಗಂಜಿ ಕೆಟ್ಟದ್ದು ಎಂದು ಕೇಳುತ್ತಿದ್ದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಗಿರಿಯಕ್ಕನನ್ನು ಕೇಳಿದೆ. ನೀನು ಕೇಳ್ತಿದ್ದದ್ದೂ ಕಂಬ್ಳಿ ಮ್ಯಾಲೇನೇ ಅಲ್ವೇನಪ್ಪ ಎಂದಳು. ನಾನು ಕಂಬಳಿಯಿಂದ ಸರಿದು ಬರೀ ನೆಲದ ಮೇಲೆ ಕೂತೆ.

ಹಾಗಾದರೆ ಬಾಯಿಗೆ ಬಂದದ್ದು ಆಡಲು ಈ ಊರಲ್ಲಿ ಜಾಗವೇ ಇಲ್ಲವೇ ಎಂದು ಕೇಳಿದೆ. ಅವಳು ಕದಿರಿನ ತುದಿಯಿಂದ ಷೆಡ್ಡಿನ ಹಿಂದಿನ ಬಯಲನ್ನು ತೋರಿಸಿದಳು.

“ಗಂಜಿ ಹಚ್ಚೋ ತಾವ ಆಡಿದ್ದ ಯಾರೂ ಮನೆಗೆ ಒಯ್ಯಾಕಿಲ್ಲ. ಕುಂಚ ತೊಳೆದ್ರೆ ಮುಗೀತು. ಅತ್ತೆ ಸೊಸೆ ಆ ಕಡೆ ಈ ಕಡೆ ನಿಂತು ಹಚ್ಚೋ ಜಾಗ ಅದು, ಇಲ್ದಿದ್ರೆ ಬಾಳೋದೆಂಗೆ?”

ಅದು ಅವರ ಪದ್ಧತಿ. ಎಳೆದು ಕಟ್ಟಿದ ನೂಲಿನ ಒಂದು ಮಗ್ಗುಲಲ್ಲಿ ಒಬ್ಬರು, ಇನ್ನೊಂದು ಮಗ್ಗುಲಲ್ಲಿ ಮತ್ತೊಬ್ಬರು, ಕುಂಚ ಹಿಡಿದು ಒಟ್ಟಿಗೆ ಹೆಜ್ಜೆ ಹಾಕುತ್ತ ಹಚ್ಚಬೇಕು. ಒಬ್ಬರು ಮುಂದೆ ಹೋದರೆ ನೂಲು ಗಂಟಾಗುತ್ತದೆ. ಕಣ್ಣು ನೂಲಿನ ಮೇಲೆ, ಮುಖ ನೋಡುವ ಹಾಗಿಲ್ಲ. ಹಾಗಾಗಿ ಅಲ್ಲಿ ಎಲ್ಲಾ ಮಾತೂ ನಡೆಯುತ್ತದೆ. ಬೈಗಳ, ದೂರು, ತಮಾಷೆ, ತಲೆಗೆ ಹೊಳೆದ ಅರ್ಧಂಬರ್ಧ ಯೋಚನೆ, ಎಲ್ಲ. ಕೆಲಸ ಮುಗಿದು ಕುಂಚ ತೊಳೆದ ನೀರು ಚೆಲ್ಲಿದ ಮೇಲೆ ಆ ಮಾತನ್ನು ಎತ್ತಿದವನನ್ನು ಕೇರಿಯಲ್ಲಿ ಯಾರೂ ಮನುಷ್ಯನೆಂದು ಕಾಣುವುದಿಲ್ಲ.

ಮಾರನೆಯ ಬೆಳಿಗ್ಗೆ ಕಂಬಳಿಯನ್ನು ಮಡಚಿ ಉಗ್ರಾಣದಲ್ಲಿಟ್ಟು, ಕೋಟನ್ನು ಮೊಳೆಗೆ ಹಾಕಿ, ಪಂಚೆ ಎತ್ತಿಕಟ್ಟಿ ಬಯಲಿಗೆ ಹೋದೆ. ಮಾಳಪ್ಪನ ಹೆಂಡತಿ ಜ್ವರದಲ್ಲಿ ಮಲಗಿದ್ದಳು. ಅವನ ನೂಲಿನ ಒಂದು ಮಗ್ಗುಲು ಖಾಲಿಯಿತ್ತು. ಕುಂಚ ತೆಗೆದುಕೊಂಡು ನಿಂತೆ. ಮಾಳಪ್ಪ ಹೆಜ್ಜೆ ಹಾಕಿದ. ನಾನೂ ಹಾಕಿದೆ. ಪಕ್ಕದ ಸಾಲಿನಿಂದ ಬೀರಪ್ಪನ ದನಿ ಬಂತು.

“ಏನ್ಲಾ ಮಾಳ, ನಿಮ್ಮ ಮೇಸ್ತ್ರಿ ಗಂಜಿ ಹಚ್ತಾ ಅವ್ನೋ, ಮದ್ವೆ ಮನೆ ಗೋಡೆಗೆ ಸುಣ್ಣ ಬಳೀತಾ ಅವ್ನೋ?”

ಬಯಲೆಲ್ಲ ನಕ್ಕಿತು. ನಾಲ್ಕನೆಯ ಕ್ಲಾಸಿನ ನಗೆಯೇ ಇದು ಎಂದು ನನ್ನ ಕಿವಿ ಬಿಸಿಯಾಯಿತು. ಆದರೆ ಒಂದು ವ್ಯತ್ಯಾಸವಿತ್ತು. ಇಲ್ಲಿ ಯಾರೂ ನನ್ನ ಮುಖ ನೋಡುತ್ತಿರಲಿಲ್ಲ, ಯಾರ ಕೈಯೂ ನಿಂತಿರಲಿಲ್ಲ. ದವಡೆ ಬಿಗಿಯಲಿಲ್ಲ. ನಾನೂ ನೂಲನ್ನೇ ನೋಡುತ್ತ, “ಬೀರಣ್ಣ, ಬೆಳಿಗ್ಗೆ ನಾನೇ ಒಂದು ಕುಡಿಕೆ ಗಂಜಿ ಕಾಸಿ ನೋಡಿದೆ. ಗಂಟು ಗಂಟಾಗೈತೆ. ಯಾಕೆ ಅಂತ ನಂಗೆ ಗೊತ್ತಿಲ್ಲ,” ಎಂದೆ.

ಗೊತ್ತಿಲ್ಲ ಎಂಬ ಮಾತನ್ನು ನಾನು ಅದಕ್ಕೂ ಮುಂಚೆ ಹತ್ತು ಜನ ಕೇಳುವಂತೆ ಹೇಳಿದವನಲ್ಲ. ಬಾಯಿಂದ ಹೊರಗೆ ಬಿದ್ದಾಗ ಅದು ಅಷ್ಟೇನೂ ದೊಡ್ಡದಾಗಿರಲಿಲ್ಲ.

ಆಮೇಲೆ ನೋಡಿ. ಹುರಿದದ್ದು ಸಾಲದು ಎಂದ ಒಬ್ಬ. ಸಿಪ್ಪೆ ಉಳಿದಿದೆ ಎಂದ ಇನ್ನೊಬ್ಬ. ನೀರು ತಣ್ಣಗಿತ್ತೇನೋ ಎಂದಳು ಒಬ್ಬಾಕೆ. ಹಿಂದೂಪುರದವರ ಕೈಯೇ ಹಾಗೆ, ಬೀಜ ಮಾರಕ್ಕೆ ಬತ್ತದೆ, ಕಾಸಕ್ಕೆ ಬರಾಕಿಲ್ಲ ಎಂದ ಬೀರಪ್ಪ. ನನ್ನ ಗಂಜಿಯಿಂದ ಶುರುವಾದದ್ದು ಅವರವರ ಗಂಜಿಗೆ ಹೋಯಿತು. ಯಾರದ್ದು ಹುಳಿ, ಯಾರದ್ದು ಜಿಗುಟು, ಯಾರ ಕಂಬಳಿಯನ್ನು ಹೊದ್ದರೆ ಮೈ ತರಚುತ್ತದೆ. ಷೆಡ್ಡಿನಲ್ಲಿ ಅಷ್ಟು ವಾರಗಳಿಂದ ನಾನು ಬೇಡಿಕೊಂಡ ಅಭಿಪ್ರಾಯವೆಲ್ಲ ಒಂದೇ ಬೆಳಿಗ್ಗೆ ನನ್ನ ತಲೆಯ ಮೇಲೆ ಸುರಿಯಿತು. ಕೊನೆಯಲ್ಲಿ ಎದುರು ಮಗ್ಗುಲಿನಿಂದ ಒಂದು ಸಣ್ಣ ದನಿ ಬಂತು. ಮಾಳಪ್ಪನದು.

“ಬೀರಣ್ಣಂದು ಗಟ್ಟಿ. ನಮ್ದು ನೀರು. ಎರಡೂ ಬೆರೆಸಿದ್ರೆ ಎಂಗೋ.”

“ನಿನ್ ನೀರಿಗೆ ನನ್ ಗಂಜಿನೇನ್ಲಾ?” ಎಂದ ಬೀರಪ್ಪ. ಮತ್ತೆ ನಗೆ. ಆದರೆ ಮಾಳಪ್ಪ ಹೆಜ್ಜೆ ತಪ್ಪಲಿಲ್ಲ, ಮಾತು ವಾಪಸ್ಸು ತಗೊಳ್ಳಲೂ ಇಲ್ಲ. ಬೀರಪ್ಪ ಇನ್ನೊಂದು ಸಾಲು ಹಚ್ಚಿ ಮುಗಿಸಿ, ನೋಡಾನ ತಕ್ಕಳ್ಲಾ, ಕೆಟ್ರೆ ನಿನ್ ನೂಲೇ ಕೆಡ್ಲಿ ಎಂದ.

ಮಾಳಪ್ಪನ ಯೋಚನೆ ಸರಿಯಾಗಿತ್ತು, ಎಲ್ಲವೂ ಸರಿಹೋಯಿತು ಎಂದು ಬರೆದರೆ ನಿಮಗೂ ಸುಲಭ, ನನಗೂ ಸುಲಭ. ಆದದ್ದು ಹಾಗಲ್ಲ. ಮೊದಲ ಕೊಪ್ಪರಿಗೆ ಪೂರ್ತಿ ಕೆಟ್ಟಿತು. ಎಳೆಗಳು ಒಂದಕ್ಕೊಂದು ಅಂಟಿಕೊಂಡು ಇಡೀ ಹಾಸು ಒಂದು ಚಾಪೆಯಾಯಿತು. ಎಲ್ಲರೂ ಸೇರಿ ನೀರು ಚಿಮುಕಿಸಿ, ಉಗುರಿನಿಂದ ಎಳೆ ಎಳೆ ಬಿಡಿಸಬೇಕಾಯಿತು. ಬಿಡಿಸುವಷ್ಟು ಹೊತ್ತೂ ಒಬ್ಬರನ್ನೊಬ್ಬರು ಬೈದುಕೊಂಡರು. ಮಾಳಪ್ಪನಿಗೆ ಹೆಚ್ಚು ಪಾಲು, ನನಗೆ ಅದಕ್ಕಿಂತ ಸ್ವಲ್ಪ ಕಡಿಮೆ. ಇವತ್ತಿಗೆ ಸಂಘ ಮುಗಿಯಿತು ಎಂದುಕೊಂಡೆ. ಮಧ್ಯಾಹ್ನ ಕುಂಚ ತೊಳೆದರು. ಬೀರಪ್ಪ ಮರದ ನೆರಳಲ್ಲಿ ಕೂತು ಸಂಚಿ ಬಿಚ್ಚಿ, ಹೊಗೆಸೊಪ್ಪು ಮುರಿದು ಅರ್ಧವನ್ನು ಮಾಳಪ್ಪನಿಗೆ ಕೊಟ್ಟ. ನಾಳೆ ಬೀಜ ಇನ್ನೂ ಸ್ವಲ್ಪ ಹುರೀಬೇಕು ಕಣ್ಲಾ ಎಂದ.

ನಾನು ಅದನ್ನು ನೋಡುತ್ತ ನಿಂತೆ. ಜನ ನನ್ನನ್ನು ನಂಬಬೇಕೆಂದರೆ ನಾನು ಹೇಳಿದ್ದೆಲ್ಲ ಸರಿಯಾಗಿರಬೇಕು ಎಂದು ಅದುವರೆಗೂ ನಂಬಿಕೊಂಡಿದ್ದೆ. ಕೋಟು, ಬಾಯಿಪಾಠ, ಗುಂಡಿ ಹಾಕಿಕೊಳ್ಳುವುದು, ಎಲ್ಲ ಅದಕ್ಕೇ. ತಪ್ಪು ಹೇಳಿದ ಮನುಷ್ಯನಿಗೆ ಮಧ್ಯಾಹ್ನ ಹೊಗೆಸೊಪ್ಪು ಸಿಗುತ್ತದೆಂದರೆ ಮಾತ್ರ ಅವನು ಮಾರನೆಯ ದಿನವೂ ಬಾಯಿ ತೆರೆದಾನು ಎಂಬುದನ್ನು ಯಾವ ಇನ್ಸ್‌ಪೆಕ್ಟರೂ ನನಗೆ ಹೇಳಿರಲಿಲ್ಲ.

ಮೂರೋ ನಾಲ್ಕೋ ಕೊಪ್ಪರಿಗೆ ಕೆಟ್ಟ ಮೇಲೆ ಹದ ಸಿಕ್ಕಿತು. ಅದು ಬೀರಪ್ಪನದ್ದೂ ಅಲ್ಲ, ಮಾಳಪ್ಪನದ್ದೂ ಅಲ್ಲ. ಇಬ್ಬರೂ ಅದು ತಮ್ಮದೇ ಎನ್ನುತ್ತಿದ್ದರು, ಅದು ಒಳ್ಳೆಯ ಲಕ್ಷಣ. ಸೋಮವಾರ ಬಂದಾಗ ಗಿರಿಯಕ್ಕ ಈಗ ಹಾಸಪ್ಪ ಎಂದಳು. ಕಂಬಳಿ ಹಾಸಿದೆ. ಇನ್ನು ಎಲ್ಲರದ್ದೂ ಒಂದೇ ಕೊಪ್ಪರಿಗೆ ಎಂದು ಬೀರಪ್ಪ ಹೇಳಿದ, ಉಳಿದವರು ಹೌದು ಎಂದರು, ಅವನು ತಾನಾಗಿ ತಟ್ಟೆಗೆ ಕೈಹಾಕಿ ಎಲೆ ತೆಗೆದುಕೊಂಡ. ಒಂದು ಬೀಡಿ ಮುಗಿಯುವಷ್ಟರಲ್ಲಿ ಮೀಟಿಂಗ್ ಆಯಿತು. ಆಡುವುದೆಲ್ಲ ಬಯಲಿನಲ್ಲಿ, ಒಪ್ಪುವುದು ಮಾತ್ರ ಕಂಬಳಿಯ ಮೇಲೆ. ಆವತ್ತಿನಿಂದ ಅದೇ ನಮ್ಮ ಕ್ರಮವಾಯಿತು.

ಆದರೂ ಬೀಗದ ಭಯ ಹೋಗಿರಲಿಲ್ಲ. ಹೊಸ ಕಂಬಳಿಗಳು ಅನಂತಪುರಕ್ಕೆ ಹೋದವು, ಯಾವ ಸುದ್ದಿಯೂ ಬರಲಿಲ್ಲ. ಒಂದು ಬೆಳಿಗ್ಗೆ ಇನ್ಸ್‌ಪೆಕ್ಟರೇ ಜಟಕಾದಲ್ಲಿ ಬಂದಿಳಿದರು. ನಾವೆಲ್ಲ ಬಯಲಿನಲ್ಲಿದ್ದೆವು. ಗಂಜಿ ಹಚ್ಚುವಾಗ ನಿಲ್ಲಿಸಿದರೆ ಅರ್ಧ ಒಣಗಿ ನೂಲು ಕೆಡುತ್ತದೆ, ಹಾಗಾಗಿ ಯಾರೂ ಬಂದು ಕೈ ಮುಗಿಯುವಂತಿರಲಿಲ್ಲ. ಕುರ್ಚಿ ಷೆಡ್ಡಿನಲ್ಲಿತ್ತು. ಅವರು ಛತ್ರಿ ಹಿಡಿದು, ನಮ್ಮ ಜೊತೆಗೆ ಸಾಲಿನುದ್ದಕ್ಕೂ ಆ ಕಡೆಯಿಂದ ಈ ಕಡೆಗೆ ನಡೆಯುತ್ತ ಮಾತಾಡಬೇಕಾಯಿತು. ಬೂಟಿಗೆಲ್ಲ ಗಂಜಿ ಸಿಡಿಯಿತು.

ಕಂಬಳಿಗಳು ಚೆನ್ನಾಗಿವೆ ಎಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಚಳಿ ಬೀಳುವುದರೊಳಗೆ ಇದರ ಎರಡರಷ್ಟು ಬೇಕು, ಆಗದಿದ್ದರೆ ಈ ಕೆಲಸವನ್ನು ಬೇರೆ ಊರಿನ ಸಂಘಕ್ಕೆ ಕೊಡುತ್ತಾರೆ, ಆಮೇಲೆ ಈ ಷೆಡ್ಡನ್ನು ಇಟ್ಟುಕೊಂಡು ಪ್ರಯೋಜನವಿಲ್ಲ ಎಂದರು. ಸರೇನಾ ಎಂದು ನನ್ನನ್ನೇ ಕೇಳಿದರು.

ಆಗಲಿ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನಿಜ ಹೇಳಬೇಕೆಂದರೆ, ಆಗುತ್ತದೋ ಇಲ್ಲವೋ ಎಂದು ಯೋಚಿಸಿಯೂ ಇರಲಿಲ್ಲ. ಅಷ್ಟರಲ್ಲಿ ನೂಲಿನ ಆಚೆ ಮಗ್ಗುಲಿನಿಂದ, ತಲೆ ಎತ್ತದೆ, ಮಾಳಪ್ಪ ಹೇಳಿದ:

“ಆಗಾಕಿಲ್ಲ ಸ್ವಾಮಿ.”

ಕುಂಚಗಳು ನಿಲ್ಲಲಿಲ್ಲ. ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿ, ಇವನು ಯಾರು ಎಂದರು. ಪಾಪದವನು, ತಿಳಿಯದೆ ಅಂದ, ಬಿಡಿ ಸ್ವಾಮಿ ಎಂದು ಒಂದು ಮಾತು ಹೇಳಿದ್ದರೆ ಆ ಹೊತ್ತು ದಾಟುತ್ತಿತ್ತು. ಮಾಳಪ್ಪ ಮಾತ್ರ ಇನ್ನು ಜನ್ಮದಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಬಯಲೆಲ್ಲ ಕಿವಿಯಾಗಿತ್ತು. ನಾನು ಕುಂಚ ಆಡಿಸುತ್ತಲೇ ಹೇಳಿದೆ:

“ಮಾಳಪ್ಪ ಅಂತ, ನಮ್ಮ ಮೆಂಬರು. ಅವನು ಆಗಲ್ಲ ಅಂದ್ರೆ ಯಾಕೆ ಅಂತ ನಾವು ಕೇಳ್ತೀವಿ ಸ್ವಾಮಿ. ತಾವೂ ಕೇಳಬೇಕು.”

ದನಿ ನಡುಗಲಿಲ್ಲ. ನನಗೇ ಅದು ಬೇರೆ ಯಾರದೋ ದನಿಯಂತೆ ಕೇಳಿಸಿತು, ಆದರೆ ನನ್ನದೇ.

ಇನ್ಸ್‌ಪೆಕ್ಟರು ಸಾಲಿನ ತುದಿ ಸುತ್ತಿ ಮಾಳಪ್ಪನ ಮಗ್ಗುಲಿಗೆ ಬಂದರು. ಆಮೇಲೆ ಯಾಕಪ್ಪ ಎಂದು ಮಾಳಪ್ಪನನ್ನು ಕೇಳಿದರು. ಮಾಳಪ್ಪ ತೆಲುಗಿನಲ್ಲಿ ಶುರುಮಾಡಿ ಕನ್ನಡಕ್ಕೆ ಬಂದು ಮತ್ತೆ ತೆಲುಗಿಗೆ ಹೋಗಿ ಹೇಳಿದ. ನೇಯುವುದು ಗಂಡಸರು, ಆದರೆ ನೂಲುವುದು ಹೆಂಗಸರು. ಚಳಿಗೆ ಮುಂಚೆ ಕಡಲೆಕಾಯಿ ಕೀಳುವ ಕೂಲಿ ಬರುತ್ತದೆ, ಆಗ ಕದಿರು ಹಿಡಿಯುವ ಕೈಗಳೆಲ್ಲ ಹೊಲದಲ್ಲಿರುತ್ತವೆ. ಅವ್ನು ಗಂಡ್ಸು, ಅರ್ಧ ಹೇಳ್ದ ಎಂದು ಗಿರಿಯಕ್ಕ ಉಳಿದರ್ಧ ಹೇಳಿದಳು: ಕುರಿಯ ಮೈಮೇಲೆ ಉಣ್ಣೆ ಬೆಳೆಯಲೂ ಕಾಲ ಬೇಕು, ಅದಕ್ಕೆ ಯಾವ ಆಫೀಸಿನವರೂ ಅವಸರ ಮಾಡಲಾರರು. ಚಳಿಗೆ ಮುಂಚೆ ಈಗಿನದರ ಮೇಲೆ ಅರ್ಧದಷ್ಟು ಕೊಡುತ್ತೇವೆ, ಉಳಿದದ್ದು ಕಡಲೆಕಾಯಿ ಮುಗಿದ ಮೇಲೆ, ಇದರಲ್ಲಿ ಒಂದೂ ಕಡಿಮೆಯಾಗುವುದಿಲ್ಲ ಎಂದು ಬೀರಪ್ಪ ಹೇಳಿದ. ಅರ್ಧ ಎಲ್ಲಿ ಆಗುತ್ತದೆ ಎಂದು ಅವನಿಗೇ ಎದುರು ಹೇಳಿದವರಿದ್ದರು. ಇನ್ಸ್‌ಪೆಕ್ಟರು ಛತ್ರಿ ಮಡಚಿದರು. ಅವರೂ ನಡುವೆ ಬಾಯಿ ಹಾಕತೊಡಗಿದರು. ಸಾಲಿನ ತುದಿಗೆ ಬಂದಾಗ ನಮ್ಮ ಜೊತೆ ಅವರೂ ತಿರುಗುತ್ತಿದ್ದರು.

ಹೊರಡುವಾಗ ಜಟಕಾದ ಹತ್ತಿರ ನನಗೆ ಒಂದು ಮಾತು ಹೇಳಿದರು. ಯಾವ ಊರಿಗೆ ಹೋದರೂ ಆಗಲಿ ಎನ್ನುತ್ತಾರಂತೆ, ಆಮೇಲೆ ಕಂಬಳಿ ಬರುವುದಿಲ್ಲವಂತೆ. ಆಗುವುದಿಲ್ಲ ಎಂದು ಹೇಳಿಸಿಕೊಂಡು ಹೋಗುತ್ತಿರುವುದು ಇದೇ ಮೊದಲು, ನೀವು ಹೇಳಿದ ಲೆಕ್ಕವನ್ನೇ ಮೇಲಿನವರಿಗೆ ಹೇಳುತ್ತೇನೆ, ಒಪ್ಪಿಸುತ್ತೇನೆ, ಷೆಡ್ಡಿನ ಚಿಂತೆ ಬಿಡಿ ಎಂದರು. ಜಟಕಾ ಹೋಯಿತು.

ನಾನು ಬಯಲಿಗೆ ವಾಪಸ್ಸು ಬಂದೆ. ಈ ಸುದ್ದಿಯನ್ನು ಹೇಗೆ ಹೇಳಬೇಕೆಂದು ದಾರಿಯಲ್ಲೇ ಮಾತು ಜೋಡಿಸಿಕೊಂಡಿದ್ದೆ. ಬಾಯಿಪಾಠವಲ್ಲ, ತಾನಾಗಿ ಬಂದ ಮಾತು. ನನ್ನ ಬದುಕಿನಲ್ಲಿ ಹತ್ತು ಜನರೆದುರು ಮಾತಾಡಲು ನನಗೇ ಆಸೆಯಾಗಿದ್ದು ಅವತ್ತೇ. ಅಲ್ಲಿ ನೋಡಿದರೆ, ಯಾರು ಎಷ್ಟು ನೂಲಬೇಕು, ಯಾರ ಮನೆಯಲ್ಲಿ ಯಾವ ದಿನ ಕೈ ಖಾಲಿ ಎಂದು ಎಲ್ಲರೂ ಒಟ್ಟಿಗೆ ಕೂಗಾಡುತ್ತಿದ್ದರು. ನಾನು ಕುಂಚ ಕೈಗೆತ್ತಿಕೊಂಡು, ಗಂಟಲು ಸರಿಮಾಡಿಕೊಂಡು, ಅಣ್ಣಂದಿರಾ ಎಂದೆ.

“ಇರಯ್ಯ ಮೇಸ್ತ್ರಿ,” ಎಂದ ಬೀರಪ್ಪ, “ಮಾಳಪ್ಪ ಇನ್ನೂ ಮುಗಿಸಿಲ್ಲ.”

ನಾನು ಕುಂಚವನ್ನು ಗಂಜಿಯಲ್ಲಿ ಅದ್ದಿ, ಮಾಳಪ್ಪನ ಎದುರು ಮಗ್ಗುಲಿಗೆ ಹೋಗಿ ಹೆಜ್ಜೆ ಸೇರಿಸಿದೆ. ಅವನು ಮಾತಾಡುತ್ತಲೇ ಇದ್ದ.